ಸ್ವಲ್ಪ ಸೀರಿಯಸ್

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಸಿದ್ದಲಿಂಗ ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದ. ಒಡೆದ ಮೇಲೆ ಹೀಗೆ ಹೋಟೆಲಿನ ಹಜಾರದಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮೇಲಿನ ಮಹಡಿಯ ಕೋಣೆಯಲ್ಲಿ ಹೊವರ್ಡ್ ಪೆಲ್ ತನ್ನ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಎಂಬತ್ತು ದಾಟಿದ ಅಮೆರಿಕದ ಕಾದಂಬರಿಕಾರ, ನಿನ್ನೆಯಷ್ಟೇ ಸ್ವೀಡನ್ನಿನ ಈ ಉಮೆಯೊ ಊರಿಗೆ ಬಂದವನು, ಮಧ್ಯಾಹ್ನ ಗ್ರಂಥಾಲಯದಲ್ಲಿ ಊರಿನ ಮುಂದೆ ಓದಬೇಕಾದವನು, ಈಗ ಮಗಳನ್ನು ನೋಡಲು ಹೊರಟಿದ್ದ. ಮಗಳು ಸತ್ತು ಇಪ್ಪತ್ತು ವರ್ಷವಾಗಿತ್ತು. ಅವಳು ಸತ್ತದ್ದರ ಬಗ್ಗೆ ಅವನೇ ಬರೆದ ಪುಸ್ತಕ ಇಡೀ ಸ್ವೀಡನ್ನಿಗೆ ಗೊತ್ತಿತ್ತು. ಆ ಮಗಳು ಬದುಕಿದ್ದಾಳೆಂದು ಈ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವನಿಗೆ ಹೇಳಿದವನು ಸಿದ್ದಲಿಂಗ. ಅಲ್ಲ, ಅವನು ಹೇಳಿದ್ದು ಸತ್ತಿದ್ದಾಳೆಂದೇ. ಗದಗಿನ ಕಡೆಯವರು ಹೇಳುವ ಹಾಗೆ ಹೇಳಿದ್ದ, ಅಷ್ಟೆ. ಈ ಅಷ್ಟೆಯನ್ನು ಯಾರ ಮುಂದೆ ಇಟ್ಟು ಏನೆಂದು ಬಿಡಿಸಿ ಹೇಳುವುದು ಎಂದು ತಿಳಿಯದೆ ಅವನು ಎದ್ದು ನಿಂತ, ಮತ್ತೆ ಕೂತ. ಕೌಂಟರಿನ ಹುಡುಗಿ ಏನಾದರೂ ಬೇಕೇ ಎಂಬಂತೆ ನೋಡಿದಳು. ಏನೂ ಬೇಡವೆಂದು ತಲೆಯಾಡಿಸಿದ.

ಪೆಲ್‌ನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವನು ನಂಬಿದ್ದ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಐದು ವರ್ಷದಿಂದ ಮಾಡುತ್ತಿದ್ದ ಕೆಲಸ ಅದೊಂದೇ, ಹೊವರ್ಡ್ ಪೆಲ್‌ನ ಬದುಕು ಮತ್ತು ಬರಹ. ಮೇ ತಿಂಗಳಿನಲ್ಲಿ ಪ್ರಬಂಧದ ಮೌಖಿಕ ಪರೀಕ್ಷೆ. ಯುಗಾದಿಯ ಕೂಟದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಹೋಳಿಗೆ ಹಿಡಿದುಕೊಂಡು, ಗುರು, ಆ ಮುದುಕನ್ನ ಓದಕ್ಕೆ ಅಮೆರಿಕದಲ್ಲಿ ಯಾರೂ ಸಿಗಲಿಲ್ವಾ ಎಂದು ರೇಗಿಸುತ್ತಿದ್ದರು. ಸಿಗಲಿಲ್ಲ ಅನ್ನುವುದೇ ನಿಜವಾಗಿತ್ತು. ನೆಬ್ರಾಸ್ಕಾದ ಧಾನ್ಯದ ಗೋದಾಮಿನ ಗುಮಾಸ್ತನ ಮಗ. ಮೊದಲ ಕಾದಂಬರಿಯನ್ನು ಎಲ್ಲರೂ ಹೊಗಳಿದರು, ಆಮೇಲಿನವನ್ನು ಯಾರೂ ತಿರುಗಿ ನೋಡಲಿಲ್ಲ. ಇಬ್ಬರು ಹೆಂಡಿರು ಬಿಟ್ಟುಹೋದರು, ಮೂರನೆಯವಳನ್ನು ಅವನೇ ಬಿಟ್ಟ. ಹೈಸ್ಕೂಲಿನ ಹುಡುಗರಿಗೆ ಪಾಠ ಹೇಳುತ್ತ, ಕುಡಿಯುತ್ತ, ಮುಗಿದೇಹೋದ ಎನ್ನುವ ಹೊತ್ತಿನಲ್ಲಿ ಮೊದಲ ಹೆಂಡತಿಯ ಮಗಳು ಎಲೆನ್ ಒಂದು ಅಕ್ಟೋಬರಿನಲ್ಲಿ ಸರೋವರಕ್ಕೆ ದೋಣಿ ಇಳಿಸಿದವಳು ತಿರುಗಿ ಬರಲಿಲ್ಲ. ದಿನಗಟ್ಟಲೆ ಹುಡುಕಿದರು. ಹೆಣ ಸಿಗುವವರೆಗಿನ ಆ ದಿನಗಳ ಬಗ್ಗೆ ಬರೆದ ಪುಸ್ತಕ ಅವನಿಗೆ ಮುದಿವಯಸ್ಸಿನಲ್ಲಿ ಹೆಸರು ತಂದಿತು, ಅದೂ ತನ್ನ ದೇಶದಲ್ಲಲ್ಲ, ಇಲ್ಲಿ. ಸ್ವೀಡಿಷ್ ಜನ ಅದರ ಹೆಸರು ಬಿಟ್ಟು 'ಮಗಳ ಪುಸ್ತಕ' ಎಂದೇ ಕರೆಯುತ್ತಿದ್ದರು. ಸಿದ್ದಲಿಂಗನ ಮಗಳು ಚಿನ್ಮಯಿ, ಏಳು ವರ್ಷದವಳು, ಪೆಲ್‌ನನ್ನು 'ಅಪ್ಪನ ಕಂಪ್ಯೂಟರಿನೊಳಗಿನ ಅಜ್ಜ' ಎಂದು ಸ್ವೀಡಿಷಿನಲ್ಲಿ ಹೇಳುತ್ತಿದ್ದಳು. ಆ ಅಜ್ಜ ನಿನ್ನೆ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಿಂದ ನಿಜವಾಗಿ ನಡೆದು ಬಂದು, ಮಾತಿಲ್ಲದೆ ತನ್ನ ಕೋಟು ಕಳಚಿ ಸಿದ್ದಲಿಂಗನ ಕೈಗೆ ಕೊಟ್ಟಿದ್ದ. ಡ್ರೈವರ್ ಎಂದುಕೊಂಡನೋ ಏನೋ. ಆ ಭಾರದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆಯುವಾಗ ಸಿದ್ದಲಿಂಗನಿಗೆ ನಾಚಿಕೆಯಾಗುವಷ್ಟು ಸಂತೋಷವಾಗಿತ್ತು. ಸ್ಟಾಕ್‌ಹೋಮಿನಿಂದ ಪ್ರಕಾಶಕರ ಕಡೆಯ ಹುಡುಗಿ ಫೋನ್ ಮಾಡಿ, ಹೊವರ್ಡ್ ಈಚೆಗೆ ಸ್ವಲ್ಪ ಆಯಾಸಗೊಂಡಿದ್ದಾರೆ, ಬೆಳಗಿನ ಹೊತ್ತು ಪರವಾಗಿಲ್ಲ, ಒಬ್ಬರನ್ನೇ ಬಿಡಬೇಡಿ ಎಂದಿದ್ದಳು. ಅವನು ಆಯಾಸವೆಂದರೆ ಆಯಾಸವೆಂದೇ ತಿಳಿದು ಬಿಸಿನೀರಿನ ಫ್ಲಾಸ್ಕು ತಂದಿದ್ದ.

ಎಲೆನ್ ಫೋನ್ ಮಾಡಿದಳಾ, ಎಂದು ಪೆಲ್ ಬೆಳಿಗ್ಗೆ ಒಣರೊಟ್ಟಿಗೆ ಬೆಣ್ಣೆ ಸವರುತ್ತ ಕೇಳಿದ. ಸಿದ್ದಲಿಂಗನ ಬುದ್ಧಿ ಮೊದಲು ಮಾಡಿದ್ದು ಹುಡುಕಾಟ: ಯಾವ ಎಲೆನ್? ಮೊದಲ ಪ್ರಕಾಶಕನ ಹೆಂಡತಿಯ ಹೆಸರೂ ಎಲೆನ್ ಆಗಿರಲಿಲ್ಲವೇ? ಆಮೇಲೆ ಆ ಕಣ್ಣುಗಳನ್ನು ನೋಡಿದ. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಮಗುವಿಗಾಗಿ ಕಾಯುವ ತಂದೆಯ ಕಣ್ಣು. ಸ್ಟಾಕ್‌ಹೋಮಿನ ಹುಡುಗಿ ಹೇಳಿದ ಆಯಾಸವೆಂದರೆ ಮರೆವಿನ ಕಾಯಿಲೆಯೆಂದು ಆಗ ಹೊಳೆಯಿತು. ಇವರೂ ನಮ್ಮ ಹಾಗೇ, ಹೇಳಬೇಕಾದ್ದನ್ನು ಬೇರೆ ಹೆಸರಿನಲ್ಲಿ ಹೇಳುತ್ತಾರೆ. ಸತ್ತಿದ್ದಾಳೆ ಎನ್ನಬಹುದಿತ್ತು. ಪ್ರಬಂಧದಲ್ಲಿ ಎಷ್ಟು ಸಲ ಬರೆದಿದ್ದ ಆ ವಾಕ್ಯವನ್ನು, ಎಲೆನ್ ಪೆಲ್ ಸತ್ತ ನಂತರದ ಗದ್ಯದಲ್ಲಿ, ಎಲೆನ್‌ಳ ಸಾವು ತಂದ ತಿರುವಿನಲ್ಲಿ. ನಾಲಿಗೆ ಹೊರಳಲಿಲ್ಲ. ಎದುರಿಗೆ ಕೂತ ತಂದೆಗೆ ನಿನ್ನ ಮಗಳು ಸತ್ತಳೆಂದು ನಮ್ಮಲ್ಲಿ ಯಾರು ಹೇಳುತ್ತಾರೆ? ಹೊಲದಲ್ಲಿದ್ದವನನ್ನು ಕರೆತರುವಾಗ, ಪರವೂರಿನಲ್ಲಿ ಓದುವವನಿಗೆ ಫೋನ್ ಮಾಡುವಾಗ, ಸ್ವಲ್ಪ ಸೀರಿಯಸ್ ಇದೆ, ಹೊರಟು ಬಾ ಎನ್ನುತ್ತಾರೆ. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಇವನಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತು. ಆದರೂ ಮನೆಯ ಮುಂದಿನ ಜನ ಕಣ್ಣಿಗೆ ಬೀಳುವ ತನಕ ಆ ಒಂದು ಮಾತಿನ ಆಸರೆಯಲ್ಲಿ ಬಸ್ಸಿನಲ್ಲಿ ಕೂತು ಉಸಿರಾಡಬಹುದು. ಅದು ಸುಳ್ಳಲ್ಲ, ಕರುಣೆ. ಸಿದ್ದಲಿಂಗ ತಲೆ ತಗ್ಗಿಸಿದ, ದನಿ ಇಳಿಸಿದ. ಎಲೆನ್‌ಗೆ ಸ್ವಲ್ಪ ಸೀರಿಯಸ್ ಇದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ದನಿಗೆ ಗದಗಿನಲ್ಲಾದರೆ ಯಾರೇ ಆಗಲಿ ತಟ್ಟೆ ಬಿಟ್ಟು ಎದ್ದು ಗೋಡೆ ಹಿಡಿದುಕೊಳ್ಳುತ್ತಿದ್ದರು.

ಪೆಲ್ ಚಾಕುವನ್ನು ಕೆಳಗಿಟ್ಟ. ಮುಖ ಮೆಲ್ಲಗೆ ಅರಳಿತು, ಹಾಗೆ ಅರಳಿದ ಮುಖವನ್ನು ಸಿದ್ದಲಿಂಗ ಅವನ ಯಾವ ಫೋಟೋದಲ್ಲೂ ಕಂಡಿರಲಿಲ್ಲ.

"ಆಸ್ಪತ್ರೆಯಲ್ಲಿದ್ದಾಳಾ?" ಎಂದ. "ಹಾಗಾದರೆ ಸಿಕ್ಕಳು."

ಬಹಳ ಸೀರಿಯಸ್, ಬಹಳವೇ, ಎಂದು ಸಿದ್ದಲಿಂಗ ಮತ್ತೆ ಮತ್ತೆ ತಲೆಯಾಡಿಸಿದ. ಹಾಗೆ ತಲೆಯಾಡಿಸುವುದರಲ್ಲೇ ಎಲ್ಲವೂ ಇದೆ, ಮಹಾರಾಯ, ಅರ್ಥ ಮಾಡಿಕೋ ಎಂದು ಒಳಗೇ ಬೇಡಿಕೊಂಡ. ಮುದುಕ ಅವನ ಕೈಯನ್ನು ತಟ್ಟಿ, ಎಲೆನ್ ಗಟ್ಟಿ ಹುಡುಗಿ, ಇದಕ್ಕೆಲ್ಲ ಜಗ್ಗುವವಳಲ್ಲ ಎಂದು ಅವನಿಗೇ ಸಮಾಧಾನ ಹೇಳಿ, ಪೆಟ್ಟಿಗೆ ಕಟ್ಟಲು ಮೇಲೆ ಹೋದ.

ವಿಶ್ವವಿದ್ಯಾಲಯದ ಉದ್ದನೆಯ ಕಾರಿಡಾರಿನಲ್ಲಿ ತನಗೇ ಅಂಥ ಫೋನು ಬಂದಾಗ ಸಿದ್ದಲಿಂಗನ ಕೈಯಲ್ಲಿ ಕಾಫಿ ಇತ್ತು. ಮೂರು ವರ್ಷದ ಹಿಂದಿನ ನವೆಂಬರು, ಹೊರಗೆ ಆಗಲೇ ಕತ್ತಲು ಇಳಿಯುತ್ತಿತ್ತು. ಅಕ್ಕನ ಗಂಡ, ಮಾಮಾ, ಎಂದೂ ತಾವಾಗಿ ಫೋನ್ ಮಾಡಿದವರಲ್ಲ. "ಅಕ್ಕಗ ಸ್ವಲ್ಪ ಸೀರಿಯಸ್ ಐತಿ ಸಿದ್ದು, ನೀ ಹೊಂಟ ಬಾ," ಎಂದರು. ಅವರ ದನಿಯ ಹಿಂದೆ ತಾಳದ ಸದ್ದು ಕೇಳುತ್ತಿತ್ತು, ಭಜನೆಯವರು ಆಗಲೇ ಬಂದು ಕೂತಿದ್ದರು. ನೀಲಕ್ಕನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿರುತ್ತಾರೆ ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟವಾಯಿತು. ಅವ್ವ ಹೋದ ಮೇಲೆ ಅವನ ತಲೆ ಬಾಚಿ ಸಾಲಿಗೆ ಕಳಿಸಿದವಳು ನೀಲಕ್ಕ. ಪ್ರತಿ ಭಾನುವಾರ ಫೋನಿನಲ್ಲಿ, ನಿನ್ನ ಮುದುಕ ಹೆಂಗದಾನೋ, ಊಟಾ ಮಾಡ್ತಾನಿಲ್ಲೋ ಎಂದು ಪೆಲ್‌ನ ಕ್ಷೇಮ ಕೇಳುತ್ತಿದ್ದಳು, ಸಂಬಂಧಿಕನ ಹಾಗೆ. ಯಾವ ಆಸ್ಪತ್ರೆ ಎಂದು ಸಿದ್ದಲಿಂಗ ಕೇಳಿದ. ಮಾಮಾ ತಡವರಿಸಿದರು. ಹುಬ್ಬಳ್ಳಿಯೊಳಗ, ಎಂದರು. ಡಾಕ್ಟರು ಏನಂತಾರೆ ಎಂದೂ ಕೇಳಿದ. ಅಷ್ಟನ್ನೂ ಕೇಳಿದ, ನಾಚಿಕೆಗೆಟ್ಟವನು. ವಾರದ ಕೊನೆಯಲ್ಲಿ ಅವನ ಅಧ್ಯಾಯದ ಚರ್ಚೆ ಇತ್ತು, ಉಪ್ಸಾಲಾದಿಂದ ಪ್ರೊಫೆಸರರು ಬರುವವರಿದ್ದರು, ಅದನ್ನು ಮುಂದೂಡಿದರೆ ಮತ್ತೆ ಬೇಸಿಗೆಯೇ. ಸೀರಿಯಸ್ ಅಂದರೆ ಸೀರಿಯಸ್. ಆಸ್ಪತ್ರೆ ಅಂದರೆ ಆಸ್ಪತ್ರೆ. ಅದೊಂದು ಮುಗಿಸಿ ಬರ್ತೀನಿ ಮಾಮಾ ಎಂದ. ಅತ್ತ ಕಡೆ ತಾಳ ಸ್ವಲ್ಪ ಹೊತ್ತು ಬಡಿಯಿತು. ಆತು, ಎಂದರು ಮಾಮಾ. ಆ ಅಧ್ಯಾಯ ಸರೋವರದ ಹುಡುಕಾಟದ ಬಗ್ಗೆ ಇತ್ತು, ಎಲ್ಲರೂ ಮೆಚ್ಚಿದರು. ಅವನು ಊರು ಮುಟ್ಟಿದಾಗ ಮಣ್ಣು ಮುಗಿದು, ಮೇಲೆ ಹಾಕಿದ ಚೆಂಡುಹೂ ಒಣಗಿತ್ತು. ನೀವು ಸೀರಿಯಸ್ ಅಂತಷ್ಟೇ ಅಂದಿರಿ ಎಂದು ಅಂಗಳದಲ್ಲಿ ಎಲ್ಲರೆದುರು ಹೇಳಿದ. ಮಾಮಾ ಅವನ ಮುಖವನ್ನೇ ನೋಡಿದರು. "ಹೌದಪಾ, ನಂದ ತಪ್ಪು," ಎಂದು ಹೇಳಿ ಕಾಲು ತೊಳೆಯಲು ನೀರು ಕೊಟ್ಟರು.

ಹಜಾರದಿಂದ ಹೆಂಡತಿಗೆ ಫೋನ್ ಮಾಡಿದ. ಶೋಭನಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದ ಮಧ್ಯದಲ್ಲಿದ್ದಳು. ಅವನು ನಡೆದದ್ದನ್ನು ಅಡ್ಡಾದಿಡ್ಡಿಯಾಗಿ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಯಂತ್ರವೊಂದು ನಿಂತ ಸದ್ದಾಯಿತು. ಈಗಲೇ ಮೇಲೆ ಹೋಗಿ ನೇರವಾಗಿ ಹೇಳು, ಇಲ್ಲಾ ನಿನ್ನ ಗೈಡ್‌ಗೆ ಫೋನ್ ಮಾಡು, ಅವರು ಹೇಳ್ತಾರೆ ಎಂದಳು. ಸ್ವಲ್ಪ ಹೊತ್ತು ಬಿಟ್ಟರೆ ಮುದುಕನೇ ಮರೆತುಬಿಡಬಹುದು ಎಂದ ಇವನು. ಬಹುಶಃ ತಾನಾಗೇ ಅರ್ಥವೂ ಆಗಬಹುದು, ಬರಹಗಾರ ಅಲ್ಲವೇ ಎಂದೂ ಸೇರಿಸಿದ. ಶೋಭನಾ ಬೆಂಗಳೂರಿನವಳು, ಮಾತಿನಲ್ಲಿ ಸುತ್ತುಬಳಸು ಇಲ್ಲ. ಆದರೆ ನೀಲಕ್ಕನ ವಿಷಯದಲ್ಲಿ ಮೂರು ವರ್ಷ ಅವಳು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅವನ ಪೆಟ್ಟಿಗೆಯನ್ನು ತಾನೇ ತುಂಬಿ ಕಳಿಸಿದ್ದಳು, ಬಂದ ಮೇಲೆ ತಾನೇ ಬಿಚ್ಚಿದ್ದಳು. ಅವಳಿಗೆ ಗೊತ್ತಿಲ್ಲವೆಂದು ಅವನು ತಿಳಿದುಕೊಂಡಿದ್ದ.

"ಅವರಿಗೆ ಅರ್ಥ ಆಗಲ್ಲ ಸಿದ್ದು," ಎಂದಳು. "ಅರ್ಥ ಆಗಿದ್ದೂ ಆಗದೇ ಇರೋ ಥರ ಇರಕ್ಕೆ ಎಲ್ಲರಿಗೂ ಬರಲ್ಲ."

ಆಮೇಲೆ ಸ್ಯಾಂಪಲ್ ಕಾಯ್ತಿದೆ, ಇಡ್ತೀನಿ ಎಂದು ಇಟ್ಟಳು. ಸಿದ್ದಲಿಂಗ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದ, ಕೌಂಟರಿನ ಹುಡುಗಿ ನೋಡುತ್ತಿದ್ದಾಳೆಂದು ಹೌದು, ಹೌದು ಎಂದು ಎರಡು ಸಲ ಹೇಳಿದ. ಯಾರ ಮುಂದೆ ಈ ನಾಟಕ? ಹಾಗಾದರೆ ಅವಳಿಗೆ ಅವತ್ತೇ ಗೊತ್ತಿತ್ತು. ಪೆಟ್ಟಿಗೆ ತುಂಬುವಾಗ ಸಾವಿನ ಮನೆಗೆ ಉಡುವ ಬಿಳಿ ಪಂಚೆಯನ್ನು, ಅವನು ಹೇಳದೆಯೇ, ಎಲ್ಲಕ್ಕಿಂತ ಮೇಲಿಟ್ಟಿದ್ದಳು. ತನ್ನ ಜೊತೆ ಇಷ್ಟು ದಿನ ಊಟ ಮಾಡಿದ್ದು, ಮಗುವನ್ನು ಮಲಗಿಸಿದ್ದು, ನಕ್ಕದ್ದು ಎಲ್ಲ ಅದನ್ನು ತಿಳಿದುಕೊಂಡೇ. ಅವನಿಗೆ ಅವಳ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಹೇಸಿಗೆಯಾಯಿತು. ಅಷ್ಟರಲ್ಲಿ ಲಿಫ್ಟಿನಿಂದ ಪೆಲ್ ಇಳಿದು ಬಂದ. ಟೈ ಕಟ್ಟಿಕೊಂಡು, ಕೂದಲಿಗೆ ನೀರು ಸವರಿ ಬಾಚಿಕೊಂಡಿದ್ದ.

ವಿಮಾನ ಸಂಜೆಗೇ ಇರುವುದು, ಅಲ್ಲಿಯವರೆಗೆ ಗ್ರಂಥಾಲಯಕ್ಕೆ ಹೋಗಿ ಬರೋಣ ಎಂದು ಸಿದ್ದಲಿಂಗ ಹೇಳಿದ. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬಂತು. ನದಿಯ ದಂಡೆಯ ದಾರಿಯಲ್ಲಿ ಮಂಜು ಕರಗಿ, ಕಾಲು ಜಾರದಿರಲೆಂದು ಚೆಲ್ಲಿದ್ದ ಜಲ್ಲಿ ಬೂಟಿನಡಿ ಕರಕರ ಎನ್ನುತ್ತಿತ್ತು. ಈ ದಾರಿಯಲ್ಲಿ ಹೇಳಿಬಿಡಬೇಕು, ಆ ಬೆಂಚು ಬರಲಿ, ಅಲ್ಲಿ ಕೂರಿಸಿ ಹೇಳುತ್ತೇನೆ ಎಂದುಕೊಂಡ. ಬೆಂಚು ಬಂತು. ಆದರೆ ಪೆಲ್ ಮಾತಾಡತೊಡಗಿದ್ದ. ನಿನ್ನೆಯೆಲ್ಲ ಹೌದು, ಅಲ್ಲ, ಥ್ಯಾಂಕ್ಸ್ ಬಿಟ್ಟು ಬೇರೇನೂ ಆಡದವನು, ಹದಿನೈದು ವರ್ಷದಿಂದ ಯಾರಿಗೂ ಸಂದರ್ಶನ ಕೊಡದವನು, ಮಗಳು ಸಿಕ್ಕ ಸಂತೋಷಕ್ಕೆ ಗಂಟು ಬಿಚ್ಚಿದ ಹಾಗೆ ಮಾತಾಡುತ್ತಿದ್ದ. ಎಲೆನ್‌ಗೆ ನೀರೆಂದರೆ ಭಯ, ಎಂದ. ಸಿದ್ದಲಿಂಗ ನಿಂತುಬಿಟ್ಟ. ಪುಸ್ತಕದ ಎಲೆನ್ ಸರೋವರವನ್ನು ಈಜಿ ದಾಟುವವಳು. ಅವಳ ಆ ಧೈರ್ಯದ ಮೇಲೇ ಇವನ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿತ್ತು. ಹೌದಾ ಸರ್, ಮತ್ತೆ ಅವತ್ತು ದೋಣಿ ಯಾಕೆ ಇಳಿಸಿದರು ಎಂದು ಕೇಳಿದ, ಮೆಲ್ಲಗೆ, ಹಕ್ಕಿ ಹಾರಿಹೋದೀತು ಎಂಬಂತೆ. ನಾನು ಬರುತ್ತೇನೆಂದು ಹೇಳಿದ್ದೆ, ಎಂದ ಪೆಲ್. ಇಬ್ಬರೂ ಕೂಡಿ ಹೋಗೋಣ, ನಾನಿರುವಾಗ ನಿನಗೇನು ಭಯ ಅಂದಿದ್ದೆ. ಅವಳು ಕಾದಳು. ನಾನು ಹೋಗಲಿಲ್ಲ.

ಪುಸ್ತಕದಲ್ಲಿ ಆ ದಿನ ತಂದೆಗೆ ಜ್ವರ. ಜ್ವರದ ಆ ಪುಟಗಳನ್ನು ಸ್ವೀಡಿಷ್ ಕಾಲೇಜುಗಳಲ್ಲಿ ಪಾಠವಾಗಿ ಓದುತ್ತಾರೆ. ಜ್ವರ ಬಂದಿತ್ತಲ್ಲ ನಿಮಗೆ ಎಂದು ಸಿದ್ದಲಿಂಗ ಕೇಳಿದ. ಮುದುಕ ನಕ್ಕ. ಜ್ವರ ಎಂಥದ್ದು, ಬರೆಯುತ್ತ ಕೂತಿದ್ದೆ, ಎಂದ. ವರ್ಷಗಟ್ಟಲೆ ಒಂದು ಸಾಲೂ ಬಂದಿರಲಿಲ್ಲ, ಅವತ್ತು ಬೆಳಿಗ್ಗೆ ಬರತೊಡಗಿತು, ಏಳಲು ಮನಸ್ಸಾಗಲಿಲ್ಲ. ಕಾಯಲಿ, ಎಲ್ಲಿ ಹೋಗುತ್ತಾಳೆ ಅಂದುಕೊಂಡೆ. ಅಷ್ಟು ಹೇಳಿ ನದಿಯ ಕಡೆ ನೋಡಿದ. ಈಗ ಹೋದೊಡನೆ ಮೊದಲು ಅದನ್ನೇ ಹೇಳುತ್ತೇನೆ ಅವಳಿಗೆ, ಕ್ಷಮಿಸು ಅನ್ನುತ್ತೇನೆ, ಅವಳು ಕ್ಷಮಿಸುತ್ತಾಳೆ, ಎಂದ. ಹೇಳುವುದಾದರೆ ಆಗ ಹೇಳಬೇಕಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ, ಕೂರಲು ಬೆಂಚಿತ್ತು, ಕೈ ಹಿಡಿದುಕೊಳ್ಳಬಹುದಿತ್ತು. ಸಿದ್ದಲಿಂಗನ ತಲೆಯಲ್ಲಿ ಮಾತ್ರ ಬೇರೊಂದು ಓಡುತ್ತಿತ್ತು: ಲೇಖಕರೊಂದಿಗಿನ ಖಾಸಗಿ ಸಂಭಾಷಣೆ, ಉಮೆಯೊ, ಮಾರ್ಚ್. ಮೂರನೆಯ ಅಧ್ಯಾಯವನ್ನು ಪೂರ್ತಿ ತಿರುಗಿಸಿ ಬರೆಯಬೇಕು, ಇದು ಯಾರ ಹತ್ತಿರವೂ ಇಲ್ಲ, ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತು, ಇನ್ನೆರಡು ಮಾತು. ಏನು ಬರೆಯುತ್ತಿದ್ದಿರಿ ಸರ್ ಅವತ್ತು, ಎಂದು ಕೇಳಿದ. ಆ ಪ್ರಶ್ನೆ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡ. ಅಯ್ಯೋ ಶಿವನೇ, ಎಂಥ ಮನುಷ್ಯ ನಾನು ಎಂದುಕೊಂಡ, ಉತ್ತರಕ್ಕೂ ಕಾದ.

ಗ್ರಂಥಾಲಯದ ಸಭಾಂಗಣ ತುಂಬಿತ್ತು. ನಗರಸಭೆಯವರು, ವಿಶ್ವವಿದ್ಯಾಲಯದವರು, ಕೈಯಲ್ಲಿ ಮಗಳ ಪುಸ್ತಕದ ಹಳೆಯ ಪ್ರತಿ ಹಿಡಿದ ಬೆಳ್ಳಿಗೂದಲಿನ ಹೆಂಗಸರು. ಅವನ ಗೈಡ್ ಮಾರ್ಗರೇತಾ ಬಾಗಿಲಲ್ಲೇ ಸಿಕ್ಕಿ, ಎಲ್ಲ ಸರಿಯಿದೆಯೇ, ಹೊವರ್ಡ್ ಹೇಗಿದ್ದಾರೆ ಎಂದು ಕೇಳಿದಳು. ಸ್ವಲ್ಪ ಆಯಾಸ, ಎಂದ ಸಿದ್ದಲಿಂಗ. ಆ ಮಾತು ಈಗ ಅವನಿಗೂ ಬರುತ್ತಿತ್ತು. ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಲೋಟ ನೀರು. ಅವನು ಪೆಲ್‌ನ ಬದುಕನ್ನು ಚಿಕ್ಕದಾಗಿ ಹೇಳಿ, ಪುಸ್ತಕದ ಕೊನೆಯ ಅಧ್ಯಾಯವನ್ನು ತೆರೆದು ಮುದುಕನ ಕೈಗಿಡಬೇಕು, ಮುದುಕ ಓದಬೇಕು. ನೆಬ್ರಾಸ್ಕಾದ ಗೋದಾಮಿನಿಂದ ಶುರುಮಾಡಿದ. ಇಷ್ಟು ವರ್ಷದ ಕೆಲಸ, ನಾಲಿಗೆಯ ತುದಿಯಲ್ಲಿತ್ತು. ಪೆಲ್ ಪಕ್ಕದಲ್ಲಿ ಕೂತು ಬೇರೆ ಯಾರದೋ ಕಥೆ ಕೇಳುವವನಂತೆ ತಲೆದೂಗುತ್ತಿದ್ದ. ಮಗಳ ವಿಷಯಕ್ಕೆ ಬಂದಾಗ ಸಿದ್ದಲಿಂಗ ಎರಡು ವಾಕ್ಯ ಹಾರಿಸಿ ನೇರವಾಗಿ ಪುಸ್ತಕ ತೆರೆದುಕೊಟ್ಟ. ಪೆಲ್ ಕನ್ನಡಕ ಹಾಕಿಕೊಂಡು ಪುಟವನ್ನು ನೋಡಿದ, ತಿರುಗಿಸಿ ಹಿಂದಿನದನ್ನು ನೋಡಿದ. ಸಭೆ ಕಾಯಿತು. ಇದನ್ನು ಓದುವುದಿಲ್ಲ, ಎಂದ ಪೆಲ್, ಮೈಕಿನಲ್ಲಿ, ತುಂಬ ಶಾಂತವಾಗಿ. ಇದರಲ್ಲಿ ಎಲೆನ್ ಸತ್ತಿದ್ದಾಳೆ. ಅದು ತಪ್ಪು, ನಾನು ಅವಸರಪಟ್ಟು ಬರೆದೆ. ಅವಳು ಸಿಕ್ಕಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ, ಸಂಜೆ ಹೋಗುತ್ತಿದ್ದೇನೆ. ಆಮೇಲೆ ಸಿದ್ದಲಿಂಗನ ತೋಳನ್ನು ಹಿಡಿದು ಸಭೆಗೆ ತೋರಿಸಿದ. "ಇವನು ಹೇಳಿದ. ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ಲ, ಇವನೊಬ್ಬ ಹೇಳಿದ."

ಸ್ವೀಡಿಷ್ ಜನ ಗಲಾಟೆ ಮಾಡುವುದಿಲ್ಲ, ಬೈಯುವುದಿಲ್ಲ. ಕಣ್ಣು ತಗ್ಗಿಸುತ್ತಾರೆ, ಅಷ್ಟೆ. ಒಬ್ಬೊಬ್ಬರಾಗಿ ಎಲ್ಲರೂ ಕಣ್ಣು ತಗ್ಗಿಸಿದರು. ನಮ್ಮೂರಿನಲ್ಲಾದರೆ ಒಬ್ಬನಾದರೂ ಎದ್ದು ಏನಲೇ ಮಗನ ಎಂದು ಕೂಗುತ್ತಿದ್ದ, ಅದು ಎಷ್ಟೋ ವಾಸಿಯಾಗಿತ್ತು. ಎರಡನೆಯ ಸಾಲಿನ ಮುದುಕಿಯೊಬ್ಬಳು ಪುಸ್ತಕವನ್ನು ಚೀಲದೊಳಗೆ ಹಾಕಿಕೊಂಡು ಜಿಪ್ ಎಳೆದಳು, ಆ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಮಾರ್ಗರೇತಾ ಎದ್ದು ಬಂದು ಮೈಕು ತೆಗೆದುಕೊಂಡು, ನಮ್ಮ ಅತಿಥಿಗಳಿಗೆ ವಿಶ್ರಾಂತಿ ಬೇಕಾಗಿದೆ, ಹೊರಗೆ ಫಿಕಾ ಇಟ್ಟಿದ್ದೇವೆ ಎಂದಳು. ಜನ ಕಾಫಿಯ ಕಡೆಗೆ ನಡೆದರು. ಪೆಲ್ ಅವರಿಗೆಲ್ಲ ಕೈ ಬೀಸುತ್ತಿದ್ದ.

ವೇದಿಕೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಪೆಲ್‌ನನ್ನು ಸೋಫಾದ ಮೇಲೆ ಕೂರಿಸಿ, ಮಾರ್ಗರೇತಾ ಸಿದ್ದಲಿಂಗನನ್ನು ಕಿಟಕಿಯ ಹತ್ತಿರ ಕರೆದಳು. ಏನು ಹೇಳಿದಿರಿ ಅವರಿಗೆ ಎಂದು ಕೇಳಿದಳು. ಅವನು ವಿವರಿಸಲು ನೋಡಿದ: ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಾಗೆ ಹೇಳುವುದಿಲ್ಲ, ಸೀರಿಯಸ್ ಎನ್ನುತ್ತೇವೆ, ಕೇಳಿದವರಿಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ಅದು ತಾಯಿಯ ಕೈಯಷ್ಟು ಮೆತ್ತಗಿನ ಮಾತಾಗಿತ್ತು. ಇಂಗ್ಲಿಷಿನಲ್ಲಿ, ಈ ಕೋಣೆಯಲ್ಲಿ, ಕಳ್ಳನ ಹೇಳಿಕೆಯಂತೆ ಕೇಳಿತು. ಮಾರ್ಗರೇತಾ ಕೊನೆಯವರೆಗೂ ಕೇಳಿದಳು, ಕೇಳುವುದರಲ್ಲಿ ಅವಳು ಒಳ್ಳೆಯವಳು. ಅರ್ಥವಾಗಿಲ್ಲವೆಂದು ನಿಮಗೆ ಗೊತ್ತಾದದ್ದು ಯಾವಾಗ ಎಂದಷ್ಟೇ ಕೇಳಿದಳು. ಬೆಳಿಗ್ಗೆ, ಎಂದ. ಅವಳು ಹೋಗಿ ಪೆಲ್‌ನ ಮುಂದೆ ಮಂಡಿಯೂರಿ ಕೂತು, ಹೊವರ್ಡ್, ಎಲೆನ್ ಬಹಳ ಹಿಂದೆಯೇ ತೀರಿಕೊಂಡಿದ್ದಾಳೆ, ಕ್ಷಮಿಸಿ ಎಂದಳು. ಎಷ್ಟು ಸುಲಭವಾಗಿ ಹೇಳಿದಳು. ಪೆಲ್ ಅವಳನ್ನು ಕನಿಕರದಿಂದ ನೋಡಿದ. ಇವಳಿಗೆ ಕಾರ್ಯಕ್ರಮ ಮುಗಿಯಬೇಕು, ಅದಕ್ಕೆ ನನ್ನನ್ನು ತಡೆಯುತ್ತಿದ್ದಾಳೆ ಎಂದು ಸಿದ್ದಲಿಂಗನಿಗೆ ಪಿಸುಗುಟ್ಟಿದ. ನೀನು ಕಾರು ತರಿಸು. ಮಾರ್ಗರೇತಾ ಎದ್ದು ನಿಂತು, ನೀವೇ ಹೇಳಬೇಕು, ಬೇರೆ ಯಾರು ಹೇಳಿದರೂ ನಂಬುವುದಿಲ್ಲ ಎಂದಳು. ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಗೋಡೆಯಾಚೆ ಕಪ್ಪುಗಳ ಸದ್ದು ಕೇಳುತ್ತಿತ್ತು. ಸಿದ್ದಲಿಂಗ ಸೋಫಾದ ಅಂಚಿನಲ್ಲಿ ಕೂತ. ಇಂಗ್ಲಿಷಿನಲ್ಲಿ ಅದು ಮೂರೇ ಪದ, ಅವನು ಪರೀಕ್ಷೆಗಳಲ್ಲಿ, ಸೆಮಿನಾರುಗಳಲ್ಲಿ ಎಷ್ಟೋ ಸಲ ಆಡಿದ ಪದಗಳು. ನಾನು ಬೆಳಿಗ್ಗೆ ಸರಿಯಾಗಿ ಹೇಳಲಿಲ್ಲ ಎಂದು ಶುರುಮಾಡಿದ. ಮುದುಕ ಅವನ ಬಾಯನ್ನೇ ನೋಡುತ್ತಿದ್ದ, ಟೈಯ ಗಂಟನ್ನು ಬೆರಳಿನಲ್ಲಿ ಸರಿಮಾಡಿಕೊಳ್ಳುತ್ತ.

"ನಿಮ್ಮ ಮಗಳು ಸತ್ತಿದ್ದಾಳೆ," ಎಂದ ಸಿದ್ದಲಿಂಗ.

ಟೈಯ ಮೇಲಿನ ಬೆರಳು ನಿಂತಿತು. ನಂಬಿದ. ನೋಡನೋಡುತ್ತ ಮುಖ ಕುಸಿಯಿತು. ಇಪ್ಪತ್ತು ವರ್ಷದ ಹಿಂದೆ ಸರೋವರದ ದಂಡೆಯಲ್ಲಿ ಒಮ್ಮೆ ಆದದ್ದು ಈಗ ಈ ಸೋಫಾದ ಮೇಲೆ ಮತ್ತೆ ಆಯಿತು, ಮೊದಲಿನಷ್ಟೇ ಹೊಸದಾಗಿ. ಅದನ್ನು ಬರೆದ ಪುಟಗಳು ಸಿದ್ದಲಿಂಗನಿಗೆ ಬಾಯಿಪಾಠವಾಗಿದ್ದವು, ಒಂದು ಸಾಲೂ ಈ ಮುಖಕ್ಕೆ ಹೊಂದುತ್ತಿರಲಿಲ್ಲ.

"ಬೆಳಿಗ್ಗೆ ನಿನಗೆ ಗೊತ್ತಿತ್ತಾ?" ಎಂದು ಪೆಲ್ ಕೇಳಿದ.

"ಗೊತ್ತಿತ್ತು."

"ನದಿಯ ಹತ್ತಿರ ನಾನು ಹೇಳುವಾಗ?"

"ಗೊತ್ತಿತ್ತು ಸರ್."

"ಕ್ಷಮೆ ಕೇಳುತ್ತೇನೆ ಅಂದಾಗ ಸುಮ್ಮನೆ ಕೇಳುತ್ತಿದ್ದೆಯಲ್ಲ," ಎಂದ ಪೆಲ್. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅಳತೊಡಗಿದ. ಮುದುಕರು ಅಳುವಾಗ ಬರುವ ಸಣ್ಣ, ಒಣಗಿದ ಸದ್ದು. ಸಿದ್ದಲಿಂಗ ನೀರಿನ ಲೋಟ ಹಿಡಿದುಕೊಂಡು ಕೂತ, ಅದನ್ನು ಕೊಡುವುದೋ ಇಡುವುದೋ ತಿಳಿಯಲಿಲ್ಲ. ಮಾರ್ಗರೇತಾ ಒಮ್ಮೆ ಬಾಗಿಲು ತೆರೆದು ನೋಡಿ ಮುಚ್ಚಿದಳು. ತಾನು ಯಾರನ್ನೂ ಕೊಂದಿಲ್ಲ ಎಂದು ಹೇಳಿಕೊಳ್ಳಲು ನೋಡಿದ. ಬೆಳಗಿನಿಂದ ಒಬ್ಬಳು ಬದುಕಿದ್ದಳು, ಅವಳಿಗೆ ತಂದೆ ಬರುವವನಿದ್ದ, ಈಗ ಇಲ್ಲ. ಅದನ್ನು ಏನೆಂದು ಕರೆಯುವುದು? ಅಳು ನಿಧಾನವಾಗಿ ತಗ್ಗಿತು. ಪೆಲ್ ತಲೆಯೆತ್ತಿ ಕೋಣೆಯನ್ನು ನೋಡಿದ, ಕಿಟಕಿಯನ್ನು ನೋಡಿದ, ಒದ್ದೆಯಾದ ತನ್ನ ಕೈಗಳನ್ನು ನೋಡಿಕೊಂಡ. ದುಃಖ ಮುಖದ ಮೇಲೆ ಹಾಗೇ ಇತ್ತು, ಅದಕ್ಕೆ ಕಾರಣ ಮಾತ್ರ ಎಲ್ಲೋ ಜಾರಿಹೋಗುತ್ತಿತ್ತು, ಅದನ್ನು ಹಿಡಿಯಲು ಅವನು ಒದ್ದಾಡುತ್ತಿದ್ದ. ಸಿದ್ದಲಿಂಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸತ್ತವಳು... ಏನು ಅವಳ ಹೆಸರು? ಹೇಳು, ಬೇಗ ಹೇಳು."

ಸಿದ್ದಲಿಂಗ ಬಾಯಿ ತೆರೆದ. "ನೀಲಾ," ಎಂದ.

ಅದು ಹೇಗೆ ಬಂತೋ. ಮೂರು ವರ್ಷದಲ್ಲಿ ಸತ್ತವಳು ಎಂಬ ಮಾತಿನ ಪಕ್ಕದಲ್ಲಿ ಆ ಹೆಸರನ್ನು ಅವನು ಒಮ್ಮೆಯೂ ಇಟ್ಟಿರಲಿಲ್ಲ. ಎಲೆನ್ ಎಂದು ತಿದ್ದಲು ನಾಲಿಗೆ ಎತ್ತಿದ. ಅಷ್ಟರಲ್ಲಿ ಮುದುಕ ಅದನ್ನು ತನ್ನದಾಗಿಸಿಕೊಂಡಿದ್ದ. ನೀಲಾ, ಎಂದ, ಒಮ್ಮೆ, ಎರಡು ಸಲ, ಬಾಯಿಗೆ ಕೂರುವವರೆಗೆ. ಕಣ್ಣುಗಳು ಮತ್ತೆ ತುಂಬಿದವು.

"ನಾನು ಬರಬೇಕಿತ್ತು ನೀಲಾ," ಎಂದ ಪೆಲ್. "ನೀನು ಕಾಯುತ್ತಿದ್ದೀ ಅಂತ ಗೊತ್ತಿತ್ತು. ಗೊತ್ತಿದ್ದೂ ಬರೆಯುತ್ತ ಕೂತೆ."

ಸಿದ್ದಲಿಂಗ ತಿದ್ದಲಿಲ್ಲ. ಅದನ್ನೂ ಕೇಳುತ್ತ ಕೂತ.